ಸೀತಾಳೆಯ ಹೆಸರುಗಳೂ ಬೆಳೆಯುವವರ ಕರ್ತವ್ಯವೂ

ಊರಿಗೆ ಹೆಸರಿಡುವವರು ಸರಕಾರದವರು; ಊರನ್ನು ಹೆಸರಿಟ್ಟು ಕರೆಯುವವರು ಜನ. ಇವೆರಡೂ ಯಾವಾಗಲೂ ಒಂದೇ ಆಗಿರುವುದಿಲ್ಲವೆಂಬುದು ಶಿವಮೊಗ್ಗ, ಭದ್ರಾವತಿಗಳವರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಅಲ್ಲಿಯ ಕಬ್ಬಿಣದ ಕಾರ್ಖಾನೆ ೧೯೧೮ರಲ್ಲಿ ಮೈಸೂರು ಸಂಸ್ಥಾನದ ಉದ್ಯಮವಾಗಿ ಹುಟ್ಟಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತು, ೧೯೯೮ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಜನ ಮಾತ್ರ ಇಂದಿಗೂ ಅದನ್ನು ವಿ.ಐ.ಎಸ್.ಎಲ್. ಎಂದೇ ಕರೆಯುತ್ತಾರೆ. ನಮ್ಮ ಜಿಲ್ಲಾಕೇಂದ್ರದ ಹೆಸರು ಇಂಗ್ಲಿಷ್ ಬರವಣಿಗೆಯಲ್ಲಿ ಬಹುಕಾಲ ‘ಶಿಮೊಗ’ ಎಂದಿದ್ದು, ೨೦೧೪ರ ನವೆಂಬರ್ ೧ರಿಂದ ‘ಶಿವಮೊಗ್ಗ’ ಎಂದಾಯಿತು. ಆದರೆ ನಮ್ಮ ವಾಹನಗಳ ಮೇಲಿನ ‘ಕೆ.ಎ. ೧೪’ ಎಂಬ ಗುರುತು ಬದಲಾಗಲಿಲ್ಲ. ತುಂಗೆ ಹರಿಯುವ ದಾರಿಯೂ ಬದಲಾಗಲಿಲ್ಲ.

ಊರುಗಳಿಗಿರುವ ಈ ಪಾಡು ಗಿಡಗಳಿಗೂ ಉಂಟು. ಅದರಲ್ಲೂ ಆರ್ಕಿಡ್ ಎಂಬ ಗಿಡಗಳಿಗೆ ಇದು ತುಸು ಹೆಚ್ಚಾಗಿಯೇ ಉಂಟು. ನಮ್ಮ ಎರಡು ಊರುಗಳಲ್ಲಿಯೂ ಈಚಿನ ವರ್ಷಗಳಲ್ಲಿ ಮನೆಯ ಮುಂದೆ ತೆಂಗಿನ ಮಟ್ಟೆಯಲ್ಲೋ ಇದ್ದಿಲು ತುಂಬಿದ ಕುಂಡದಲ್ಲೋ ಆರ್ಕಿಡ್ ಬೆಳೆಸುವ ಹವ್ಯಾಸ ಹಬ್ಬುತ್ತಿದೆ. ಹವ್ಯಾಸಿಗಳು ಸೇರಿದಲ್ಲಿ ಕೇಳಿಬರುವ ಮೊದಲ ದೂರು ಕೀಟಗಳದ್ದಲ್ಲ, ಗೊಬ್ಬರದ್ದಲ್ಲ, ಹೆಸರಿನದು. “ನಿನ್ನೆಯವರೆಗೆ ಇದು ಆಸ್ಕೊಸೆಂಡಾ ಆಗಿತ್ತು, ಇಂದು ವಂದಾ ಎನ್ನುತ್ತಾರೆ; ನಾಳೆ ಏನೆನ್ನುವರೋ!” ಈ ದೂರಿಗೆ ಕಾರಣವೇನು, ಪರಿಹಾರವೇನು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ. ನಾನು ಸಸ್ಯಶಾಸ್ತ್ರದ ವಿದ್ಯಾರ್ಥಿಯಲ್ಲ, ಇತಿಹಾಸದ ವಿದ್ಯಾರ್ಥಿ. ಆದರೂ ಈ ವಿಷಯ ಇತಿಹಾಸಕ್ಕೆ ದೂರವಾದುದಲ್ಲವೆಂದು ವಾಚಕರು ಮುಂದೆ ಒಪ್ಪುವರೆಂದು ನಂಬಿದ್ದೇನೆ.

ಮೊದಲು ನಮ್ಮ ನೆಲದ ಗಿಡವನ್ನೇ ನೋಡೋಣ. ಮುಂಗಾರಿನ ಹೊತ್ತಿಗೆ ಮಲೆನಾಡಿನ ಮಾವು, ಹಲಸಿನ ಕೊಂಬೆಗಳಿಂದ ನರಿಯ ಬಾಲದಂತೆ ಜೋಲುವ, ಬಿಳಿಯ ಮೇಲೆ ನೇರಿಳೆಯ ಚುಕ್ಕೆಯ ಹೂಗೊಂಚಲನ್ನು ಕಾಣದವರಾರು? ನಮ್ಮ ಹೆಂಗಸರು ಅದನ್ನು ಸೀತಾಳೆದಂಡೆ ಎಂದು ಕರೆದು ಮುಡಿದುಕೊಂಡು ಬಂದಿದ್ದಾರೆ. ಹೆಸರು ಸೊಗಸಾದುದೇ ಸರಿ. ಆದರೆ ಅದೇ ಸೀತಾಳೆಯೆಂಬ ಮಾತು ಒಂದೊಂದು ಕಡೆ ಒಂದೊಂದು ಗಿಡಕ್ಕೆ ಸಲ್ಲುವುದುಂಟು. ಅಸ್ಸಾಮಿನವರಿಗೆ ಇದೇ ಹೂ ‘ಕೊಪೌ’. ಅದು ಅವರ ರಾಜ್ಯಪುಷ್ಪ. ಒಂದೂರಿನ ಹೆಸರು ಇನ್ನೊಂದೂರಿಗೆ ಅರ್ಥವಾಗದ ಕಾರಣ, ಲೋಕಕ್ಕೆಲ್ಲ ಒಂದೇ ಆಗಿರುವ ಶಾಸ್ತ್ರೀಯ ಹೆಸರು ಬೇಕಾಯಿತು.

ಅಂಥ ಹೆಸರಿಗೆ ಎರಡು ಭಾಗಗಳು. ಮೊದಲನೆಯದು ಜಾತಿಯ ಹೆಸರು, ಮನೆತನದ ಹೆಸರಿದ್ದಂತೆ; ಎರಡನೆಯದು ಪ್ರಭೇದದ ಹೆಸರು, ಆ ಮನೆಯ ಮಗುವಿಗೆ ಇಟ್ಟ ಹೆಸರಿದ್ದಂತೆ. ಈ ಪದ್ಧತಿಯನ್ನು ಸ್ವೀಡನ್ ದೇಶದ ಲಿನೇಯಸ್ ತನ್ನ ೧೭೫೩ರ ಗ್ರಂಥದಲ್ಲಿ ನೆಲೆಗೊಳಿಸಿದನು. ಸಸ್ಯನಾಮಗಳ ಲೆಕ್ಕವೆಲ್ಲ ಆ ವರ್ಷದ ಮೇ ೧ರಿಂದಲೇ ಆರಂಭವಾಗುತ್ತದೆ. ಅವನು ನಮ್ಮ ಸೀತಾಳೆಗೆ ಕೊಟ್ಟ ಹೆಸರು ‘ಎಪಿಡೆಂಡ್ರಮ್ ರೆಟುಸಮ್’. ಎಪಿಡೆಂಡ್ರಮ್ ಎಂದರೆ ಮರದ ಮೇಲಿನದು. ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳನ್ನೆಲ್ಲ ಲಿನೇಯಸ್ ಆ ಒಂದೇ ಮನೆಯಲ್ಲಿ ಕೂಡಿಸಿದ್ದನು. ಇವೆಲ್ಲ ಒಂದೇ ಸಂಸಾರದವಲ್ಲವೆಂಬುದು ಮುಂದೆ ತಿಳಿಯಿತು. ೧೮೨೫ರಲ್ಲಿ ಬ್ಲೂಮ್ ಎಂಬ ಶಾಸ್ತ್ರಜ್ಞನು ಸೀತಾಳೆಗೆ ‘ರಿಂಕೊಸ್ಟೈಲಿಸ್’ ಎಂಬ ಬೇರೆ ಮನೆ ಕಟ್ಟಿದನು. ಹತ್ತೊಂಬತ್ತನೆಯ ಶತಮಾನದ ತೋಟಗಾರರು ಇದನ್ನು ‘ಸ್ಯಾಕೊಲೇಬಿಯಂ ಗಟ್ಟೇಟಂ’ ಎಂದೂ ಕರೆದರು. ಇಂದು ಎಲ್ಲರೂ ಒಪ್ಪಿರುವ ಹೆಸರು ‘ರಿಂಕೊಸ್ಟೈಲಿಸ್ ರೆಟುಸ’. ಮನೆತನ ಬದಲಾದರೂ ‘ರೆಟುಸ’ ಎಂಬ ಹೆಸರು ಉಳಿದುಬಂದುದನ್ನು ಗಮನಿಸಬೇಕು. ಮನೆತನ ಬದಲಾದಾಗಲೂ ಮೊದಲು ಇಟ್ಟ ಹೆಸರನ್ನು ಆದಷ್ಟು ಉಳಿಸಬೇಕೆಂಬುದು ನಿಯಮ.

ಹೆಸರುಗಳು ಬದಲಾಗಲು ಕಾರಣಗಳು ಮುಖ್ಯವಾಗಿ ಮೂರು. ಮೂರನ್ನೂ ಬೇರೆಬೇರೆಯಾಗಿ ತಿಳಿದುಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಕಳೆಯುತ್ತದೆ.

ಮೊದಲನೆಯದು ವ್ಯಾಕರಣ. ಶಾಸ್ತ್ರೀಯ ಹೆಸರು ಲ್ಯಾಟಿನ್ ಭಾಷೆಯ ನಡೆಯನ್ನು ಅನುಸರಿಸುತ್ತದೆ. ಸಂಸ್ಕೃತದಲ್ಲಿ ‘ಸುಂದರಃ ಬಾಲಕಃ’, ‘ಸುಂದರೀ ಬಾಲಿಕಾ’, ‘ಸುಂದರಂ ಪುಷ್ಪಂ’ ಎಂದು ವಿಶೇಷಣವು ವಿಶೇಷ್ಯದ ಲಿಂಗವನ್ನು ಹಿಡಿಯುವಂತೆಯೇ ಅಲ್ಲಿಯೂ. ಪಶ್ಚಿಮಘಟ್ಟದ ಇನ್ನೊಂದು ಚೆಲುವಾದ ಆರ್ಕಿಡ್ ‘ಏರಿಡೀಸ್ ಕ್ರಿಸ್ಪ’. ಹಳೆಯ ಪುಸ್ತಕಗಳಲ್ಲಿ ಇದೇ ‘ಏರಿಡೀಸ್ ಕ್ರಿಸ್ಪಮ್’ ಎಂದಿರುತ್ತದೆ. ಏರಿಡೀಸ್ ಎಂಬ ಪದವನ್ನು ಕೆಲವರು ನಪುಂಸಕಲಿಂಗವೆಂದೂ ಮೊದಲು ಬಳಸಿದವನು ಸ್ತ್ರೀಲಿಂಗವೆಂದೂ ಎಣಿಸಿದ್ದೇ ಈ ವ್ಯತ್ಯಾಸಕ್ಕೆ ಮೂಲ. ಗಿಡ ಒಂದೇ, ಅಭಿಪ್ರಾಯವೂ ಒಂದೇ. ತಿದ್ದಿದ್ದು ಬರಿಯ ಪ್ರತ್ಯಯ.

ಎರಡನೆಯದು ಹಿರಿತನ. ಒಂದೇ ಗಿಡಕ್ಕೆ ಇಬ್ಬರು ಎರಡು ಹೆಸರಿಟ್ಟಿದ್ದರೆ ಮೊದಲು ಪ್ರಕಟವಾದುದಕ್ಕೆ ಮನ್ನಣೆ. ಕರ್ನಾಟಕದ ಒಣಸೀಮೆಯ ಮರಗಳಲ್ಲಿ ಕಾಣುವ, ಚೌಕುಳಿಯ ಬಟ್ಟೆಯಂತೆ ಗೆರೆಗೆರೆಯ ದಳಗಳುಳ್ಳ ವಂದಾ ಗಿಡವನ್ನು ೧೮೨೦ರಲ್ಲಿ ರಾಬರ್ಟ್ ಬ್ರೌನನು, ಭಾರತದ ಸಸ್ಯಗಳಿಗಾಗಿ ದುಡಿದ ರಾಕ್ಸ್‌ಬರ್ಗನ ಗೌರವಾರ್ಥವಾಗಿ, ‘ವಂದಾ ರಾಕ್ಸ್‌ಬರ್ಗಿಯೈ’ ಎಂದು ಕರೆದನು. ಆದರೆ ಆ ರಾಕ್ಸ್‌ಬರ್ಗನೇ ೧೭೯೫ರಲ್ಲಿ ಇದಕ್ಕೆ ‘ಎಪಿಡೆಂಡ್ರಮ್ ಟೆಸಲೇಟಮ್’ ಎಂದು ಹೆಸರಿಟ್ಟಿದ್ದನು. ಆದುದರಿಂದ ‘ವಂದಾ ಟೆಸಲೇಟ’ ಎಂಬುದೇ ನಿಂತಿತು. ಗೌರವಿಸಲೆಂದು ಇಟ್ಟ ಹೆಸರು, ಗೌರವಕ್ಕೆ ಪಾತ್ರನಾದವನೇ ಹಿಂದೆ ಇಟ್ಟಿದ್ದ ಹೆಸರಿನಿಂದ ಬಿದ್ದುಹೋಯಿತು! ಅಂದಹಾಗೆ ‘ವಂದಾ’ ಎಂಬುದು ನಮ್ಮ ಸಂಸ್ಕೃತದ ಪದವೇ. ಮರದ ಮೇಲೆ ಬೆಳೆಯುವ ಗಿಡಕ್ಕೆ ಈ ದೇಶದಲ್ಲಿ ಬಳಕೆಯಲ್ಲಿದ್ದ ಆ ಹೆಸರನ್ನು ಸರ್ ವಿಲಿಯಂ ಜೋನ್ಸ್ ಎತ್ತಿಕೊಂಡನು.

ಮೂರನೆಯದು ಸಂಬಂಧದ ವಿಚಾರ. ಇಂದಿನ ಗಲಿಬಿಲಿಗೆಲ್ಲ ಇದೇ ಹೆಚ್ಚಿನ ಕಾರಣ. ಹಿಂದಿನವರು ಹೂವಿನ ರೂಪವನ್ನು ನೋಡಿ ಬಂಧುತ್ವವನ್ನು ನಿರ್ಣಯಿಸುತ್ತಿದ್ದರು. ಇಂದು ಜೀವಕೋಶದೊಳಗಿನ ಡಿ.ಎನ್.ಎ.ಯನ್ನು ಹೋಲಿಸಿ ನೋಡುತ್ತಾರೆ. ದೂರದವರೆಂದು ಎಣಿಸಿದ್ದವರು ದಾಯಾದಿಗಳಾಗಿಯೂ, ಒಂದೇ ಮನೆಯವರೆಂದು ಎಣಿಸಿದ್ದವರು ಹೊರಗಿನವರಾಗಿಯೂ ಕಂಡುಬರುತ್ತಾರೆ. ಆಸ್ಕೊಸೆಂಟ್ರಮ್ ಎಂಬ ಕಿರಿಯ ಗಿಡಗಳ ಜಾತಿ ವಂದಾದ ವಂಶವೃಕ್ಷದ ಒಳಗಿನ ಕೊಂಬೆಯೇ ಎಂದು ಗೊತ್ತಾಗಿ, ೨೦೧೨ರಲ್ಲಿ ಅವುಗಳಿಗೆ ವಂದಾದೊಳಗಿನ ಹೊಸ ಹೆಸರುಗಳು ಪ್ರಕಟವಾದುವು. ಇದಕ್ಕೆ ವಿರುದ್ಧವಾಗಿ, ಸೂಜಿಯಂತೆ ಉರುಟಾದ ಎಲೆಯುಳ್ಳ ‘ವಂದಾ ಟೆರೆಸ್’ ವಂದಾದಿಂದ ಹೊರಬಿದ್ದು ‘ಪ್ಯಾಪಿಲಿಯೊನಾಂತೆ’ಯಾಯಿತು. ಅದರ ಮಗಳಾದ ‘ವಂದಾ ಮಿಸ್ ಜೋಕಿಂ’ ೧೯೮೧ರಿಂದ ಸಿಂಗಪುರದ ರಾಷ್ಟ್ರಪುಷ್ಪ. ಶಾಸ್ತ್ರದ ದಾಖಲೆಯಲ್ಲಿ ಅದು ಈಗ ಪ್ಯಾಪಿಲಿಯೊನಾಂತೆ ಮಿಸ್ ಜೋಕಿಂ. ಜನರ ಬಾಯಲ್ಲಿ ಇನ್ನೂ ವಂದಾ.

ಇಂಥ ತಿದ್ದುಪಡಿಯನ್ನು ಮಾಡಿದವರಲ್ಲಿ ನಮ್ಮ ನಾಡಿನವರೂ ಉಂಟು. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿದ್ದ, ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥವನ್ನು ೧೯೭೬ರಲ್ಲಿ ಹೊರತಂದ ಫಾದರ್ ಸೆಸಿಲ್ ಸಲ್ಡಾನರು, ಡಾಲ್ಜೆಲ್ ಎಂಬವನು ಹಿಂದಿನ ಶತಮಾನದಲ್ಲಿ ಬೇರೆ ಜಾತಿಯಲ್ಲಿ ಸೇರಿಸಿದ್ದ ಪಶ್ಚಿಮಘಟ್ಟದ ಎರಡು ಪುಟ್ಟ ಆರ್ಕಿಡ್‌ಗಳಿಗೆ ೧೯೭೪ರಲ್ಲಿ ‘ಸ್ಮಿತ್ಸೋನಿಯ’ ಎಂಬ ಹೊಸ ಜಾತಿಯನ್ನು ರಚಿಸಿದರು. ಡಾಲ್ಜೆಲನು ಕೊಟ್ಟಿದ್ದ ‘ವಿರಿಡಿಫ್ಲೋರ’, ‘ಮ್ಯಾಕುಲೇಟ’ ಎಂಬ ಹೆಸರುಗಳನ್ನು ಅವರು ಹಾಗೆಯೇ ಉಳಿಸಿಕೊಂಡರು. ಹೆಸರು ಬದಲಾವಣೆಯೆಂದರೆ ಹಿಂದಿನವರನ್ನು ಅಳಿಸಿಹಾಕುವುದಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಇಷ್ಟು ಕಾಡಿನ ಗಿಡಗಳ ಮಾತಾಯಿತು. ಹವ್ಯಾಸಿಗಳ ಮನೆಯಲ್ಲಿರುವುದು ಹೆಚ್ಚಾಗಿ ಮಿಶ್ರತಳಿಗಳು. ಇವುಗಳ ಹೆಸರಿನಲ್ಲಿ ಜಾತಿಯ ಹೆಸರಿನ ಮುಂದೆ ಬರುವುದು ‘ಗ್ರೆಕ್ಸ್’. ಇದು ಹಿಂಡು ಎಂಬ ಅರ್ಥದ ಲ್ಯಾಟಿನ್ ಪದ. ಒಂದೇ ತಾಯಿತಂದೆಗಳ ಮಕ್ಕಳೆಲ್ಲಕ್ಕೂ ಕೂಡಿಯೇ ಇಟ್ಟ ಹೆಸರು. ‘ಡೆಂಡ್ರೋಬಿಯಂ ಸೋನಿಯಾ’ ಎಂಬಲ್ಲಿ ಸೋನಿಯಾ ಎಂಬುದು ಗ್ರೆಕ್ಸ್. ಮಾನವನ ಕೈಯಿಂದಾದ ಮೊದಲ ಆರ್ಕಿಡ್ ಮಿಶ್ರತಳಿ ಹೂಬಿಟ್ಟಿದ್ದು ೧೮೫೬ರಲ್ಲಿ, ಇಂಗ್ಲೆಂಡಿನಲ್ಲಿ. ಮುಂದೆ ಸ್ಯಾಂಡರ್ ಎಂಬ ವರ್ತಕರ ಮನೆತನ ಇಂಥ ತಳಿಗಳ ವಂಶಾವಳಿಯನ್ನು ೧೯೦೬ರಿಂದ ಪುಸ್ತಕರೂಪದಲ್ಲಿ ಪ್ರಕಟಿಸಿತು. ೧೯೬೧ರಿಂದ ಆ ದಾಖಲೆಯನ್ನು ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ನಡೆಸುತ್ತಿದೆ. ಲೋಕದಲ್ಲಿ ಬೇರೆ ಯಾವ ಹೂವಿಗೂ ಇಷ್ಟು ದೀರ್ಘವಾದ, ಇಷ್ಟು ತುಂಬಿದ ವಂಶಾವಳಿ ಇರುವುದು ಅಪರೂಪ.

ತೊಡಕು ಹುಟ್ಟುವುದು ಇಲ್ಲಿಯೇ. ತಾಯಿಯ ಜಾತಿಯ ಹೆಸರು ಬದಲಾದರೆ ಅವಳ ಸಂತಾನದ ಮನೆತನವೆಲ್ಲ ಬದಲಾಗಬೇಕು. ವಂದಾವೂ ಆಸ್ಕೊಸೆಂಟ್ರಮ್ಮೂ ಕೂಡಿ ಹುಟ್ಟಿದವು ಆಸ್ಕೊಸೆಂಡಾಗಳು. ಎರಡೂ ವಂದಾವೇ ಆದಮೇಲೆ ಆಸ್ಕೊಸೆಂಡಾಗಳೆಲ್ಲ ವಂದಾಗಳಾದುವು. ಹಾಗೆಯೇ ಡೊರಿಟೀನಾಪ್ಸಿಸ್‌ಗಳು ಫೆಲನಾಪ್ಸಿಸ್‌ಗಳಾದುವು. ಕ್ಯಾಟ್ಲಿಯಾ ಬೆಳೆಯುವವರ ಹಳೆಯ ಚೀಟಿಗಳಲ್ಲಿ ಬಿ.ಎಲ್.ಸಿ. ಎಂದಿರುವುದು ಹೊಸ ಚೀಟಿಗಳಲ್ಲಿ ಆರ್.ಎಲ್.ಸಿ. ಆಗಿರುತ್ತದೆ. ಹಳದಿಯ ಲಂಗ ತೊಟ್ಟು ಕುಣಿಯುವ ಹುಡುಗಿಯರಂತಿರುವ, ಎಲ್ಲರೂ ಬಲ್ಲ ‘ಆನ್ಸಿಡಿಯಂ ಗೋವರ್ ರಾಮ್ಸೆ’ ದಾಖಲೆಯಲ್ಲಿ ‘ಆನ್ಸಿಡೀಸ ಗೋವರ್ ರಾಮ್ಸೆ’ಯಾಗಿದೆ. ಆದರೆ ಗ್ರೆಕ್ಸ್ ಹೆಸರು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಜಾತಿಯ ಹೆಸರಿನಲ್ಲಿ ಎಡವಿದವರು ಗ್ರೆಕ್ಸ್ ಹೆಸರನ್ನು ಹಿಡಿದು ದಾರಿ ಕಂಡುಕೊಳ್ಳಬಹುದು.

ಭದ್ರಾವತಿಯ ನ್ಯೂಟೌನಿನಲ್ಲಿ ನನ್ನ ಸೋದರಮಾವನವರಿದ್ದಾರೆ. ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮೇಲೆ ಆರ್ಕಿಡ್‌ಗಳೇ ಅವರಿಗೆ ಮಕ್ಕಳು. ಅವರಲ್ಲಿ ‘ಆಸ್ಕೊಸೆಂಡಾ ಪ್ರಿನ್ಸೆಸ್ ಮಿಕಾಸಾ’ ಎಂಬ ಗಿಡವಿತ್ತು. ಕೆಲವು ವರ್ಷಗಳ ಮೇಲೆ ‘ವಂದಾ ಪ್ರಿನ್ಸೆಸ್ ಮಿಕಾಸಾ’ ಎಂಬ ಗಿಡವನ್ನು ಬೆಲೆ ಕೊಟ್ಟು ತಂದರು. ಎರಡೂ ಹೂಬಿಟ್ಟಾಗ ಒಂದೇ ನೀಲಿ, ಒಂದೇ ಮಾಟ! ಈ ಕಥೆಯನ್ನು ನಗುತ್ತಲೇ ಹೇಳಿ, ನನ್ನನ್ನು ಕೇಳಿದರು: “ಅಲ್ಲಯ್ಯಾ, ಹೆಸರು ಬದಲಾಯಿಸಿದವರು ಗೊಬ್ಬರವನ್ನೂ ಬದಲಾಯಿಸಬೇಕು ಅನ್ನುತ್ತಾರೇನು?” “ಇಲ್ಲ ಮಾವ, ಗಿಡ ಅದೇ, ನೀವು ಹಾಕುವ ಗೊಬ್ಬರವೂ ಅದೇ,” ಎಂದೆ. “ಹಾಗಾದರೆ ನನಗೆ ಹಳೆಯ ಹೆಸರೇ ಸಾಕು,” ಎಂದುಬಿಟ್ಟರು.

ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆಸ್ಕೊಸೆಂಡಾ ಎಂಬ ಹಳೆಯ ಹೆಸರು, ಇದು ಮೈಯಲ್ಲಿ ಚಿಕ್ಕದು, ಬೆಳಕನ್ನು ಹೆಚ್ಚು ಬಯಸುವುದು ಎಂಬುದನ್ನು ತಾನಾಗಿ ಹೇಳುತ್ತಿತ್ತು. ವಂದಾ ಎಂಬ ದೊಡ್ಡ ಮನೆಯ ಹೆಸರು ಅದನ್ನು ಹೇಳುವುದಿಲ್ಲ. ಇನ್ನೊಂದು ಕಡೆ, ಪ್ಯಾಪಿಲಿಯೊನಾಂತೆ ಎಂಬ ಹೊಸ ಹೆಸರು ಹಳೆಯದಕ್ಕಿಂತ ಹೆಚ್ಚು ಉಪಕಾರಿ. ಉರುಟು ಎಲೆಯ, ಪೂರ್ತಿ ಬಿಸಿಲಲ್ಲಿ ನಿಂತರೇ ಹೂಬಿಡುವ ಗಿಡಗಳನ್ನು ಅದು ಬೇರೆ ಮಾಡಿ ತೋರಿಸುತ್ತದೆ. ಹಳೆಯದೆಲ್ಲ ಒಳ್ಳೆಯದೂ ಅಲ್ಲ, ಹೊಸದೆಲ್ಲ ತೊಂದರೆಯೂ ಅಲ್ಲ. ಎರಡರಲ್ಲಿಯೂ ತಿಳಿವಳಿಕೆ ಇದೆ. ಎರಡನ್ನೂ ಇಟ್ಟುಕೊಳ್ಳುವುದೇ ಜಾಣತನ.

ಇಟ್ಟುಕೊಳ್ಳದಿದ್ದರೆ ಆಗುವ ನಷ್ಟವನ್ನು ನಾನು ಶಿವಮೊಗ್ಗದ ನಮ್ಮ ಬೀದಿಯಲ್ಲಿಯೇ ಕಂಡಿದ್ದೇನೆ. ಹಿರಿಯರೊಬ್ಬರು ಬಹುವರ್ಷ ಆರ್ಕಿಡ್ ಬೆಳೆಸಿದ್ದರು. ಹೆಸರುಗಳೆಲ್ಲ ಬದಲಾಗಿವೆಯೆಂದು ಕೇಳಿ, ಹೊಸದಾಗಿ ಬರೆಯೋಣವೆಂದು ಹಳೆಯ ಚೀಟಿಗಳನ್ನೆಲ್ಲ ಕಿತ್ತು ಒಂದು ಡಬ್ಬಿಯಲ್ಲಿ ಹಾಕಿಟ್ಟರು. ಬರೆಯುವ ಮೊದಲೇ ತೀರಿಕೊಂಡರು. ಡಬ್ಬಿಯಲ್ಲಿ ಚೀಟಿಗಳಿದ್ದುವು, ಕುಂಡಗಳಲ್ಲಿ ಗಿಡಗಳಿದ್ದುವು. ಯಾವ ಚೀಟಿ ಯಾವ ಗಿಡದ್ದೆಂದು ಹೇಳುವವರು ಇರಲಿಲ್ಲ. ಕಾಡಿನ ಪ್ರಭೇದವಾದರೆ ಬಲ್ಲವರು ಹೂವನ್ನು ನೋಡಿ ಮತ್ತೆ ಗುರುತಿಸಿಯಾರು. ಮಿಶ್ರತಳಿಯಾದರೆ, ಒಂದನ್ನೊಂದು ಹೋಲುವ ಸಾವಿರಾರು ತಳಿಗಳ ನಡುವೆ, ಚೀಟಿ ಹೋದಂದೇ ಅದರ ತಾಯಿತಂದೆಗಳ ಹೆಸರೂ ಹೋದಂತೆ. ಆ ಗಿಡಗಳು ಇಂದಿಗೂ ಯಾರಯಾರದೋ ಮನೆಯಲ್ಲಿ ಹೂಬಿಡುತ್ತಿವೆ. ಅವು ಏನೆಂಬುದು ಮಾತ್ರ ಇನ್ನು ತಿಳಿಯುವಂತಿಲ್ಲ.

ಇತಿಹಾಸದ ತರಗತಿಯಲ್ಲಿ ನಾವು ಕಲಿಯುವ ಮೊದಲ ಪಾಠ, ಶಾಸನವನ್ನು ತಿದ್ದಬಾರದೆಂಬುದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯನ್ನು ರೈಸ್ ಸಾಹೇಬರು ಬೆಳಗಾಮಿ ಎಂದು ಬರೆದರು. ಶಾಸನಗಳಲ್ಲಿ ಬಳ್ಳಿಗಾವೆ ಎಂದಿದೆ. ನಾವು ಇಂದಿನ ರೂಪವನ್ನು ಬಳಸುತ್ತೇವೆ. ಆದರೆ ಕಲ್ಲಿನ ಮೇಲಿನ ಅಕ್ಷರವನ್ನು ಕೆತ್ತಿಹಾಕುವುದಿಲ್ಲ. ಗಿಡದ ಚೀಟಿಯೂ ಒಂದು ಚಿಕ್ಕ ಶಾಸನವೇ. ಹೆಸರೆಂಬುದು ಆಯಾ ಕಾಲದ ಪಂಡಿತರ ತೀರ್ಮಾನ, ಹೆಚ್ಚಿನ ಸಾಕ್ಷ್ಯ ದೊರೆತಾಗ ಬದಲಾಗತಕ್ಕುದು. ಚೀಟಿಯಾದರೋ ನಡೆದ ಸಂಗತಿಯ ದಾಖಲೆ: ಈ ಗಿಡವು ಇಂಥ ದಿನ, ಇಂಥ ಕಡೆಯಿಂದ, ಇಂಥ ಹೆಸರಿನಲ್ಲಿ ಬಂತು ಎಂಬುದು. ತೀರ್ಮಾನ ಬದಲಾಗಲಿ, ದಾಖಲೆ ಅಳಿಯಬಾರದು. ನಾನು ಹೇಳಬೇಕಾದ ಮಾತೆಲ್ಲ ಇದರಲ್ಲಿ ಅಡಗಿದೆ.

ಇದನ್ನು ಆಚರಣೆಗೆ ತರುವ ಬಗೆ ಹೀಗೆ:

ಒಂದು: ಪ್ರತಿಯೊಂದು ಗಿಡಕ್ಕೂ ಒಂದು ಸಂಖ್ಯೆ ಕೊಡಿ. ಹೆಸರು ಎಷ್ಟು ಸಾರಿ ಬದಲಾದರೂ ಕೆ.ಎ. ೧೪ರಂತೆ ಆ ಸಂಖ್ಯೆ ಬದಲಾಗಕೂಡದು. ಗಿಡ ಸತ್ತರೂ ಅದೇ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು. ಗಿಡವನ್ನು ಸೀಳಿ ಎರಡು ಮಾಡಿದರೆ ೧೭-ಅ, ೧೭-ಆ ಎಂದು ಬರೆಯಬಹುದು.

ಎರಡು: ಒಂದು ನೋಟುಪುಸ್ತಕವಿಡಿ. ಸಂಖ್ಯೆಯ ಮುಂದೆ, ಕೊಂಡ ದಿನ, ಬಂದ ಹೆಸರು, ಈಗಿನ ಹೆಸರು, ಆ ಹೆಸರನ್ನು ಎಲ್ಲಿ ನೋಡಿ ಯಾವ ವರ್ಷ ಬರೆದಿರಿ ಎಂಬುದನ್ನು ಕಾಣಿಸಿ. ಮುಂದೆ ಮತ್ತೆ ಬದಲಾದರೆ ಹಿಂದಿನದನ್ನು ಹೊಡೆಯದೆ ಕೆಳಗೆ ಇನ್ನೊಂದು ಸಾಲು ಸೇರಿಸಿ.

ಮೂರು: ಹಳೆಯ ಚೀಟಿಯನ್ನು ಎಸೆಯಬೇಡಿ, ಕುಂಡದಿಂದ ತೆಗೆಯಲೂ ಬೇಡಿ. ಹೊಸ ಚೀಟಿಯನ್ನು ಅದರ ಪಕ್ಕದಲ್ಲಿಯೇ ಚುಚ್ಚಿ. ಶಾಯಿಯ ಪೆನ್ನು ನಮ್ಮ ಮಲೆನಾಡಿನ ಮಳೆಗೂ ಬೇಸಗೆಯ ಬಿಸಿಲಿಗೂ ಮಾಸಿಹೋಗುತ್ತದೆ. ಸಾಧಾರಣ ಸೀಸದಕಡ್ಡಿಯ ಬರಹ ಬಹುಕಾಲ ನಿಲ್ಲುತ್ತದೆ. ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ಗೀರಿದರೆ ಇನ್ನೂ ಉತ್ತಮ. ಭದ್ರಾವತಿಯವರಾದರೂ ಕಬ್ಬಿಣದ ತಗಡನ್ನು ಬಳಸಬೇಡಿ!

ನಾಲ್ಕು: ಹೆಸರನ್ನು ಪರೀಕ್ಷಿಸುವ ಜಾಗ ತಿಳಿದಿರಲಿ. ಕಾಡಿನ ಪ್ರಭೇದಗಳಿಗೆ ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದವರು ಅಂತರಜಾಲದಲ್ಲಿ ಇಟ್ಟಿರುವ ಲೋಕದ ಸಸ್ಯಗಳ ಪಟ್ಟಿ; ಮಿಶ್ರತಳಿಗಳಿಗೆ ಮೇಲೆ ಹೇಳಿದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ದಾಖಲೆ. ಎರಡರಲ್ಲಿಯೂ ಹಳೆಯ ಹೆಸರನ್ನು ಕೊಟ್ಟರೆ ಹೊಸದು ದೊರೆಯುತ್ತದೆ. ಅಂಗಡಿಯವರ ಮಾತು, ಗೆಳೆಯರ ಮಾತು ಇವುಗಳನ್ನು ಕೇಳಿ ಚೀಟಿ ಬದಲಾಯಿಸಬೇಡಿ.

ಐದು: ಅವಸರ ಬೇಡ. ಪ್ರಕಟವಾದ ಹೊಸ ಹೆಸರೆಲ್ಲ ಒಪ್ಪಿತವಾದ ಹೆಸರಲ್ಲ. ಬ್ರೆಜಿಲಿನ ‘ಲೀಲಿಯಾ ಪರ್ಪುರೇಟ’ವನ್ನು ೨೦೦೦ದಲ್ಲಿ ಸೊಫ್ರೊನೈಟಿಸ್ ಜಾತಿಗೆ ಸೇರಿಸಿದರು, ೨೦೦೮ರಲ್ಲಿ ಅಲ್ಲಿಂದೆಬ್ಬಿಸಿ ಕ್ಯಾಟ್ಲಿಯಾಕ್ಕೆ ಸೇರಿಸಿದರು. ಮೊದಲ ಸುದ್ದಿಗೇ ಚೀಟಿ ಬರೆದವರು ಎಂಟು ವರ್ಷದಲ್ಲಿ ಎರಡು ಸಾರಿ ಬರೆಯಬೇಕಾಯಿತು. ಡೆಂಡ್ರೋಬಿಯಂ ಜಾತಿಯನ್ನು ಒಡೆದು ಹಲವು ಮಾಡಬೇಕೆಂದು ೨೦೦೨ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿದ್ವಾಂಸರು ಸೂಚಿಸಿದರು. ಕ್ಯೂ ಪಟ್ಟಿ ಅದನ್ನು ಒಪ್ಪದೆ ಡೆಂಡ್ರೋಬಿಯಂ ಎಂದೇ ಇಟ್ಟುಕೊಂಡಿದೆ. ಎರಡು ಮೂರು ವರ್ಷ ಕಾದರೆ ಗಿಡಕ್ಕೇನೂ ಕೇಡಿಲ್ಲ.

ಆರು: ಗಿಡವನ್ನು ಕೊಡುವಾಗ, ಮಾರುವಾಗ, ಪ್ರದರ್ಶನದಲ್ಲಿಡುವಾಗ ಈಗಿನ ಹೆಸರನ್ನು ಮೊದಲು ಬರೆದು ‘ಹಿಂದಿನ ಹೆಸರು ಇಂಥದು’ ಎಂದು ಸೇರಿಸಿ. ಹಾಗೆ ಬರೆದಿದ್ದರೆ ನಮ್ಮ ಮಾವನವರು ಒಂದೇ ಗಿಡಕ್ಕೆ ಎರಡು ಸಾರಿ ಹಣ ಕೊಡುತ್ತಿರಲಿಲ್ಲ.

ಏಳು: ಹೆಸರು ತಿಳಿಯದ ಗಿಡಕ್ಕೆ ಊಹಿಸಿ ಹೆಸರಿಡಬೇಡಿ. ‘ಹೆಸರು ತಿಳಿಯದು’ ಎಂದು ಬರೆಯುವುದರಲ್ಲಿ ಅವಮಾನವೇನೂ ಇಲ್ಲ. ತಪ್ಪು ಹೆಸರು, ಹೆಸರಿಲ್ಲದಿರುವುದಕ್ಕಿಂತ ಕೆಟ್ಟದು. ಅದು ಕೈಯಿಂದ ಕೈಗೆ ಹೋಗಿ ನಿಜವೆಂಬಂತೆ ಬೇರೂರುತ್ತದೆ.

ಕೊನೆಯದಾಗಿ ಕಾನೂನಿನ ಮಾತು. ಆರ್ಕಿಡ್ ಕುಟುಂಬವೆಲ್ಲವೂ ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಒಳಪಟ್ಟಿದೆ. ನಮ್ಮ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಯಲ್ಲಿ ನೀಲಿ ವಂದಾ, ಕೆಂಪು ವಂದಾ ಮುಂತಾದುವು ಸೇರಿವೆ. ಕೆಂಪು ವಂದಾ ಎಂಬುದು ಶಾಸ್ತ್ರದಲ್ಲಿ ವಂದಾವೇ ಅಲ್ಲ, ರೆನಾಂತೆರ! ಆದರೂ ಕಾಯಿದೆಯಲ್ಲಿರುವ ಹೆಸರಿನಿಂದಲೇ ಅದಕ್ಕೆ ರಕ್ಷಣೆ. ಹೊರದೇಶದಿಂದ ಗಿಡ ತರಿಸುವವರ ಕಾಗದಪತ್ರದಲ್ಲಿ ಒಂದು ಹೆಸರು, ಕುಂಡದ ಚೀಟಿಯಲ್ಲಿ ಇನ್ನೊಂದು ಹೆಸರಿದ್ದರೆ, ಎರಡೂ ಒಂದೇ ಎಂದು ತೋರಿಸಲು ನೋಟುಪುಸ್ತಕವೇ ಆಧಾರ. ಇನ್ನು ಆಗುಂಬೆಯ ಕಡೆಗೋ ಭದ್ರಾ ಅಭಯಾರಣ್ಯದ ಕಡೆಗೋ ಹೋದವರು ಕಾಡಿನ ಸೀತಾಳೆಯನ್ನು ಕಿತ್ತು ತರುವುದಂತೂ ಸಲ್ಲದು. ಅದು ಹಳೆಯ ಹೆಸರಿನಲ್ಲಿಯೂ ತಪ್ಪು, ಹೊಸ ಹೆಸರಿನಲ್ಲಿಯೂ ತಪ್ಪು.

ಶಿವಮೊಗ್ಗ ಜಿಲ್ಲೆಯ ಸಸ್ಯಗಳನ್ನು ಕುರಿತ ಗ್ರಂಥವೊಂದನ್ನು ಮೈಸೂರು ವಿಶ್ವವಿದ್ಯಾನಿಲಯ ೨೦೦೧ರಲ್ಲಿ ಪ್ರಕಟಿಸಿತು. ಅದರ ಹೆಸರುಗಳು ಅಂದಿನವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೂಕರನು 'ವಂದಾ ರಾಕ್ಸ್‌ಬರ್ಗಿಯೈ' ಎಂದೇ ಬರೆದನು. ಅದು ಅವನ ಕಾಲದ್ದು. ಪುಸ್ತಕದ ಕಪಾಟಿನಲ್ಲಿರುವ ಹೆಸರುಗಳು ತಾವಾಗಿ ಬದಲಾಗುವುದಿಲ್ಲ. ಹಳೆಯ ಹೆಸರನ್ನು ಮರೆತವನಿಗೆ ಹಳೆಯ ಪುಸ್ತಕ ಮುಚ್ಚಿಹೋಗುತ್ತದೆ. ಹೊಸ ಹೆಸರನ್ನು ಕಲಿಯಲೊಲ್ಲದವನಿಗೆ ಹೊಸ ಪುಸ್ತಕ ತೆರೆಯುವುದೇ ಇಲ್ಲ. ನಮ್ಮ ಕಾಲೇಜಿನ ಮಿತ್ರರಲ್ಲಿ ಯಾರ ಮನೆಯಲ್ಲಾದರೂ ಒಂದೆರಡು ಕುಂಡಗಳಿದ್ದರೆ, ಈ ವಾರವೇ ಒಂದು ನೋಟುಪುಸ್ತಕವನ್ನು ತೆಗೆದು ಮೊದಲ ಪುಟದಲ್ಲಿ ‘ಸಂಖ್ಯೆ ೧’ ಎಂದು ಬರೆಯಬೇಕೆಂದು ಕೋರುತ್ತೇನೆ. ಮುಂದಿನ ಸಾಲಿನಲ್ಲಿ ಬರೆಯುವ ಹೆಸರನ್ನು ಶಾಸ್ತ್ರಜ್ಞರು ನಾಳೆ ಬದಲಾಯಿಸಿದರೂ, ಆ ಪುಟಕ್ಕೆ ಬಾಧಕವಿಲ್ಲ.